ಹಳ್ಳದ ದಂಡೆಯ ನಾಲ್ಕು ಸರಪಳಿ

ಸರ್ವೇ ಸಾಹೇಬರನ್ನು ನಾನು ಮೊದಲ ಸಲ ನೋಡಿದಾಗ ಅವರು ಹಿಕ್ಕೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದರು. ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಗಲಲ್ಲಿ ಛತ್ರಿ, ಕೈಯಲ್ಲೊಂದು ಕಡ್ಡಿ. ಕಡ್ಡಿಯಿಂದ ಹಿಕ್ಕೆಯನ್ನು ಆ ಕಡೆ ಈ ಕಡೆ ಉರುಳಿಸಿ ನೋಡುತ್ತಿದ್ದರು. ನಾನು ಬಟ್ಟೆಯ ಗಂಟು ಹೊತ್ತು ಕೆರೆಗೆ ಹೊರಟವಳು ನಿಂತು, "ಏನರ ಕಳಕೊಂಡೀರೇನ್ರಿ?" ಎಂದು ಕೇಳಿದೆ. ಅವರು ತಲೆ ಎತ್ತಲಿಲ್ಲ. "ಕಳಕೊಂಡಿಲ್ರಿ ಅಕ್ಕಾರ, ಸಿಕ್ಕೇತಿ. ಇದು ಆಡಿಂದಲ್ಲ, ಜಿಂಕಿದು. ನಿನ್ನೀದು," ಅಂದರು. ಸರ್ಕಾರ ಇಂಥವರಿಗೂ ಪಗಾರ ಕೊಡುತ್ತದಲ್ಲ ಎಂದುಕೊಂಡು ಮುಂದೆ ಹೋದೆ.

ಅವರ ಹೆಸರು ನನಗೆ ಗೊತ್ತು, ಆದರೆ ಇಲ್ಲಿ ಬರೆಯುವುದಿಲ್ಲ. ಅವರ ಬಗ್ಗೆ ಒಳ್ಳೆಯದು ಬರೆಯಲು ಕುಳಿತಿದ್ದೇನೋ ಕೆಟ್ಟದ್ದು ಬರೆಯಲು ಕುಳಿತಿದ್ದೇನೋ ನನಗೇ ತಿಳಿಯದಿರುವಾಗ ಹೆಸರು ತೆಗೆದುಕೊಂಡು ಏನು ಮಾಡುವುದು. ಅವರು ತೀರಿಕೊಂಡ ಸುದ್ದಿ ಬಂದ ದಿನವೂ ಹೀಗೇ ಆಗಿತ್ತು. ಕಣ್ಣಿಗೆ ನೀರು ಬಂತು, ಅದರ ಬೆನ್ನಿಗೇ ಬಾಯಿಗೆ ಬೈಗುಳ ಬಂತು. ಎರಡನ್ನೂ ನುಂಗಿಕೊಂಡು ರೊಟ್ಟಿ ಬಡಿದೆ.

ನಮ್ಮದು ಕಲಘಟಗಿ ತಾಲೂಕಿನ ಒಂದು ಸಣ್ಣ ಊರು. ಪಡುವಲಕ್ಕೆ ದೊಡ್ಡ ಅಡವಿ, ಮೂಡಲಕ್ಕೆ ಕುರುಚಲು ಬೆಳೆದ ಗುಡ್ಡ, ನಡುವೆ ಕೆರೆ. ಅಡವಿಯಿಂದ ಇಳಿದು ಬರುವ ಹಳ್ಳ ಕೆರೆಗೆ ಸೇರುತ್ತದೆ. ಹಳ್ಳದ ಎರಡೂ ದಂಡೆಗೆ ಗಾಯರಾಣ, ಅಂದರೆ ಊರ ದನ ಮೇಯಲಿ ಎಂದು ಬಿಟ್ಟ ಸರ್ಕಾರಿ ಜಾಗ. ಎಂಬತ್ತರ ದಶಕದಲ್ಲಿ ಮಂಡಲ ಪಂಚಾಯತಿ ಬಂತಲ್ಲ, ಆಗ ಹೆಂಗಸರಿಗೂ ಅದರಲ್ಲಿ ಕುರ್ಚಿ ಇಟ್ಟರು. ನಮ್ಮ ಮನೆಯವರು ನನ್ನನ್ನು ಕೇಳದೆ ನನ್ನ ಹೆಸರು ಬರೆಸಿ ಬಂದರು. "ಸಹಿ ಮಾಡಿ ಚಾ ಕುಡದು ಬಂದ್ರಾತು, ಅದರಾಗೇನೈತಿ," ಅಂದರು. ನಾನು ಏಳನೆಯ ಇಯತ್ತೆ ಓದಿದವಳು. ಎದುರಿಗೆ ಯಾರೂ ನಿಲ್ಲಲಿಲ್ಲ. ಮೆಂಬರ್ ಆಗಿಬಿಟ್ಟೆ.

ಪಂಚಾಯತಿ ಕೈಗೆತ್ತಿಕೊಂಡ ಮೊದಲ ದೊಡ್ಡ ಕೆಲಸ, ಮನೆ ಇಲ್ಲದವರಿಗೆ ಗಾಯರಾಣದಲ್ಲಿ ಜಾಗ ಹಂಚುವುದು. ಅರವತ್ತು ಜಾಗ ಎಂದು ಠರಾವು ಆಗಿ, ಚೀಟಿ ಎತ್ತಿ ನಂಬರು ಕೊಟ್ಟಾಗಿತ್ತು. ಮೂವತ್ತೊಂದನೆಯ ನಂಬರು ನನ್ನ ತಂಗಿ ನೀಲವ್ವನಿಗೆ ಬಂತು. ಅವಳ ಗಂಡ ಗೋವಾಕ್ಕೆ ದುಡಿಯಲು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿಕೊಂಡಿದ್ದ. ಅವಳು, ಅವಳ ಇಬ್ಬರು ಹೆಣ್ಣುಮಕ್ಕಳು, ನಮ್ಮ ಅವ್ವ, ನಾಲ್ಕು ಜೀವ ನಮ್ಮ ದನದ ಕೊಟ್ಟಿಗೆಗೆ ಹಚ್ಚಿ ಇಳಿಸಿದ ತಗಡಿನ ಮಾಡಿನ ಕೆಳಗೆ ಇದ್ದವು. ನಮ್ಮ ಅತ್ತೆ ದಿನಕ್ಕೊಂದು ಸಲವಾದರೂ, "ಕೊಟಗಿದಾಗ ದನಕ್ಕಿಂತ ಮಂದೀನ ಹೆಚ್ಚಾಗ್ಯಾರ," ಅನ್ನುತ್ತಿದ್ದರು. ನೀಲವ್ವ ಕೇಳಿಸಿದರೂ ಕೇಳಿಸದವಳ ಹಾಗೆ ಸಗಣಿ ಬಳಿಯುತ್ತಿದ್ದಳು. ಚೀಟಿ ಬಂದ ದಿನವೇ ಗಾಯರಾಣಕ್ಕೆ ಹೋಗಿ ತನ್ನ ಜಾಗ ಇಲ್ಲೇ ಬರುತ್ತದೆ ಎಂದು ಅಂದಾಜು ಮಾಡಿ ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟಳು. ಅವ್ವನನ್ನು ಕೈಹಿಡಿದು ಕರೆದುಕೊಂಡು ಹೋಗಿ ಒಲೆ ಎಲ್ಲಿ, ನೀರಿನ ಹರವಿ ಎಲ್ಲಿ, ಅವ್ವನ ಹಾಸಿಗೆ ಎಲ್ಲಿ ಎಂದು ತೋರಿಸಿದಳು.

ಆ ಜಾಗಗಳನ್ನು ಅಳೆದು ಕಲ್ಲು ನೆಡಿಸಲು ಬಂದವರು ಸರ್ವೇ ಸಾಹೇಬರು. ಆಗಲೇ ಐವತ್ತಾರು ದಾಟಿದ್ದರು. ಒಂದು ತಿಂಗಳು ಪಂಚಾಯತಿ ಖೋಲಿಯಲ್ಲೇ ಉಳಿದರು. ಊಟ ದಿನಕ್ಕೊಬ್ಬ ಮೆಂಬರ್ ಮನೆಯಲ್ಲಿ. ನಮ್ಮ ಮನೆಗೆ ಬಂದಾಗ ರೊಟ್ಟಿಯನ್ನು ಮುರಿಯುವ ಮೊದಲು ಉಗುರಿನಿಂದ ಅದರ ಮೇಲೆ ಗೆರೆ ಎಳೆಯುತ್ತಿದ್ದರು. ಗೆರೆಗೆ ಸರಿಯಾಗಿ ಮುರಿದರೆ ಖುಷಿ, ಗೆರೆ ಬಿಟ್ಟು ಹರಿದರೆ ಮುಖ ಸಣ್ಣದು. ನಡೆಯುವಾಗ ಹೆಜ್ಜೆ ಎಣಿಸುವ ಚಟ ಬೇರೆ. ನಡುವೆ ಯಾರಾದರೂ ಮಾತಾಡಿಸಿದರೆ ಒಂದು ಬೆರಳು ಎತ್ತಿ ತಡೆಯುತ್ತಿದ್ದರು. ಅಷ್ಟರಲ್ಲಿ ಲೆಕ್ಕ ತಪ್ಪಿ ಮೊದಲಿಂದ ನಡೆಯಲು ಹಿಂದಕ್ಕೆ ಹೋಗುತ್ತಿದ್ದರು. ಕಟ್ಟೆಯ ಮೇಲೆ ಕುಳಿತ ಗಂಡಸರು ಬೇಕೆಂದೇ "ಸಾಹೇಬ್ರ, ಚಾ ಆತೇನ್ರಿ?" ಎಂದು ಕೂಗಿ ಮಜಾ ನೋಡುತ್ತಿದ್ದರು.

ಅವರಿಗೆ ಪ್ರಾಣಿಗಳ ಮೇಲೆ ಭಾರಿ ಪ್ರೀತಿ ಇತ್ತು ಎಂದು ಬರೆದರೆ ಶುದ್ಧ ಸುಳ್ಳಾಗುತ್ತದೆ. ನಮ್ಮ ಎಮ್ಮೆ ಎದುರಿಗೆ ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದರು. ನಾಯಿಯನ್ನು ಕಂಡರೆ ಛತ್ರಿ ಬಿಚ್ಚುತ್ತಿದ್ದರು. ಇಂಥ ಮನುಷ್ಯ ದಿನಾ ಜಿಂಕೆಯ ಹಿಕ್ಕೆ, ಹೆಜ್ಜೆ ಹುಡುಕಿಕೊಂಡು ಯಾಕೆ ತಿರುಗುತ್ತಾರೆ ಎನ್ನುವುದೇ ನನ್ನ ತಲೆಗೆ ಹತ್ತುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಜ್ಜಿಗೆ ಕೊಟ್ಟು ಕೇಳಿಯೇಬಿಟ್ಟೆ.

"ನಮ್ಮದು ಅಣ್ಣಿಗೇರಿ ಕಡೆ ಎರಿ ನೆಲಾರಿ," ಅಂದರು. "ಸಣ್ಣಾವ ಇದ್ದಾಗ ಜೋಳದ ಹೊಲದಾಗ ಚಿಗರಿ ಹಿಂಡ ಹಾದು ಹೋಗೂದು ನೋಡೂದ ಒಂದ ಆಟ. ಮುಂದ ನಾನ ನೌಕರಿಗೆ ಸೇರಿದೆ. ಕಾಲುವಿ ಬಂತು. ಅದಕ್ಕ ಸರಪಳಿ ಹಿಡದಾವ ನಾನ. ನೀರು ಎಲ್ಲಿ ಹೋಗಬೇಕು, ಬಂಡಿ ಎಲ್ಲಿ ದಾಟಬೇಕು, ಎಲ್ಲಾ ನಕಾಶಿದಾಗ ಹಾಕಿದೆ. ಚಿಗರಿ ಎಲ್ಲಿ ದಾಟಬೇಕನ್ನೂದು ಹಾಕಲಿಲ್ಲ. ಯಾರೂ ಹೇಳಿದ್ದಿಲ್ಲ, ನಾನೂ ಕೇಳಲಿಲ್ಲ. ನೀರು ಬಿಟ್ಟ ಮ್ಯಾಲೆ ಅರ್ಧ ಹಿಂಡ ಆ ದಂಡಿಗೆ, ಅರ್ಧ ಈ ದಂಡಿಗೆ. ನಿಂತು ಒಂದನ್ನೊಂದು ನೋಡತಿದ್ದ್ವು. ಎರಡ ವರ್ಷದಾಗ ನಮ್ಮ ದಂಡಿ ಕಡೇವು ಒಂದೂ ಉಳೀಲಿಲ್ಲ."

ಮಜ್ಜಿಗೆ ಗಟಗಟನೆ ಕುಡಿದು ಲೋಟ ಬೋರಲು ಹಾಕಿದರು. "ನಕಾಶಿದಾಗ ಇಲ್ಲದ್ದು ಭೂಮಿ ಮ್ಯಾಲೆ ಭಾಳ ದಿನಾ ಉಳಿಯೂದಿಲ್ರಿ ಅಕ್ಕಾರ," ಅಂದರು. ಈ ಮಾತನ್ನು ಅವರು ಎಲ್ಲಿ ಬೇಕಾದಲ್ಲಿ ಹೇಳುತ್ತಿದ್ದರು. ಒಮ್ಮೆ ನಮ್ಮ ಮನೆಯ ಹಳೆಯ ಬಾವಿಯ ಬಗ್ಗೆಯೂ ಹೇಳಿದ್ದರು.

ಮರುದಿನ ನನ್ನನ್ನು ಹಳ್ಳಕ್ಕೆ ಕರೆದುಕೊಂಡು ಹೋದರು. ಬೇಸಿಗೆಯಲ್ಲಿ ಅಡವಿಯ ಪ್ರಾಣಿಗಳು ಈ ದಂಡೆ ಹಿಡಿದೇ ಕೆರೆಗೆ ಬರುತ್ತವೆ, ನೀರು ಕುಡಿದು ಕೆಲವು ಮೂಡಲ ಗುಡ್ಡಕ್ಕೆ ದಾಟುತ್ತವೆ, ಮಳೆ ಬಿದ್ದ ಮೇಲೆ ತಿರುಗಿ ಹೋಗುತ್ತವೆ ಎಂದು ಒಂದೊಂದೇ ಹೆಜ್ಜೆ ತೋರಿಸಿ ಹೇಳಿದರು. ಜಿಂಕೆಯದು, ಹಂದಿಯದು, ಒಂದು ಕಡೆ ಕಡವೆಯದು. ಅರವತ್ತು ಜಾಗ ಸಾಲಾಗಿ ಬಂದರೆ ಈ ದಾರಿ ಮುಚ್ಚಿಹೋಗುತ್ತದೆ. "ಮುಚ್ಚಿದ್ರ ಅವು ಬರೂದು ಬಿಡತಾವಂತ ತಿಳೀಬ್ಯಾಡ್ರಿ. ನೀರು ಬೇಕಲ್ಲ. ನಿಮ್ಮ ಭತ್ತದ ಗದ್ದಿ ತುಳದು ಬರತಾವ," ಅಂದರು. ಹಳ್ಳದ ದಂಡೆಗೆ ನಾಲ್ಕು ಸರಪಳಿ ಅಗಲ ಬಿಟ್ಟರೆ ಸಾಕು ಎಂದರು. ಒಂದು ಸರಪಳಿ ಅಂದರೆ ಮೂವತ್ತಮೂರು ಅಡಿ. ನಾನು ಹೂಂ ಅಂದೆ. ಆ ನಾಲ್ಕು ಸರಪಳಿಯಲ್ಲಿ ಯಾರ ಯಾರ ನಂಬರು ಬರುತ್ತವೆ ಎಂದು ಕೇಳುವುದು ನನಗೆ ಹೊಳೆಯಲಿಲ್ಲ. ಅವರೂ ಹೇಳಲಿಲ್ಲ.

ಪಂಚಾಯತಿ ಸಭೆಯಲ್ಲಿ ಸಾಹೇಬರು ಈ ವಿಷಯ ತೆಗೆದಾಗ ಎಲ್ಲರೂ ನಕ್ಕರು ನೋಡಿ, ಚಾದ ಕಪ್ಪು ಅಲುಗಾಡುವಷ್ಟು ನಕ್ಕರು. ನಮ್ಮ ಪ್ರಧಾನರು ಊರಗೌಡರು, ಮಾತು ಒರಟಾದರೂ ಮನಸ್ಸು ಕೆಟ್ಟದ್ದಲ್ಲ. "ಹಂದಿಗೆ ದಾರಿ ಮಾಡಿಕೊಡಾಕ ನಮ್ಮನ್ನ ಆರಿಸಿ ಕಳಿಸ್ಯಾರೇನ್ರಿ ಸಾಹೇಬ್ರ? ನಾಳೆ ಕ್ವಾಣಕ್ಕ ನಳಾ ಹಾಕಸ್ರಿ ಅಂತೀರಿ," ಅಂದರು. ಸಾಹೇಬರು ನಕಾಶೆ ಸುತ್ತಿ ಬಗಲಲ್ಲಿ ಇಟ್ಟುಕೊಂಡು ಎದ್ದು ಹೋದರು. ನನಗೆ ಪಾಪ ಅನಿಸಿತು.

ಎರಡು ವಾರದ ನಂತರದ ಸಭೆಗೆ ಅದೇ ನಕಾಶೆ ತಂದರು. ಹಳ್ಳದ ದಂಡೆಯ ಆ ನಾಲ್ಕು ಸರಪಳಿಗೆ ಕಪ್ಪು ಶಾಯಿಯಲ್ಲಿ ಬೇರೆ ಗುರುತು ಹಾಕಿದ್ದರು. "ಇದು ಏನ್ರಿ?" ಎಂದು ಗೌಡರು ಕೇಳಿದರು.

"ಸುಡುಗಾಡ್ರಿ," ಅಂದರು ಸಾಹೇಬರು. "ಇದ್ದ ಸುಡುಗಾಡ ಕೆರಿ ದಂಡಿಗೇತಿ. ತುಂಬೇತಿ. ಮಳಿಗಾಲದಾಗ ಕುಣಿ ತಗದ್ರ ನೀರು ಜಿನಗತೈತಿ. ಹೊಸಾದು ಬೇಕೋ ಬ್ಯಾಡೋ?"

ಯಾರೂ ನಗಲಿಲ್ಲ. ಎರಡು ತಿಂಗಳ ಹಿಂದೆ ಒಬ್ಬ ಮೆಂಬರ್ ತನ್ನ ಅಪ್ಪನಿಗೆ ಕುಣಿ ತೆಗೆಸುವಾಗ ಹಳೆಯ ಎಲುಬು ಮೇಲೆ ಬಂದದ್ದು ಎಲ್ಲರಿಗೂ ನೆನಪಿತ್ತು. ಬೇಕು ಎಂದರು. ಗೌಡರು ಮೊದಲು ನನ್ನ ಕಡೆ ನೋಡಿದರು. ನಾನು ಕೈ ಎತ್ತಿದೆ, ಆಮೇಲೆ ಎಲ್ಲರೂ ಎತ್ತಿದರು.

ಹೊರಗೆ ಬಂದಾಗ ನಾನು, "ಸಾಹೇಬ್ರ, ಇದೆಂಥಾ ಆಟಾ?" ಅಂದೆ. ಅವರು ದನಿ ತಗ್ಗಿಸಿ, "ಬಯಲು ಅಂತ ಬರದ್ರ ತಿಪ್ಪಿ ಹಾಕತಾರ, ಬಣವಿ ಒಟ್ಟತಾರ, ಮುಂದ ಅದ ಹಿತ್ತಲಾಕ್ಕೈತಿ. ರಸ್ತಾ ಅಂತ ಬರದ್ರ ಖಡಿ ಹಾಕಿ ಲಾರಿ ಓಡಸ್ತಾರ. ಪ್ರಾಣಿ ದಾರಿ ಅಂತ ಬರಿಯಾಕ ಫಾರ್ಮಿನಾಗ ಜಾಗಾನ ಇಲ್ಲ. ಸುಡುಗಾಡಿಗೆ ಮಾತ್ರ ಯಾರೂ ಕೈ ಹಚ್ಚೂದಿಲ್ಲ," ಅಂದರು. ಹೇಳಿ ಹೆಜ್ಜೆ ಎಣಿಸುತ್ತ ಹೋದರು. ಅವರ ಜಾಣತನಕ್ಕೆ ನನಗೂ ನಗು ಬಂತು.

ನಗು ಮನೆ ಮುಟ್ಟುವವರೆಗೂ ಉಳಿಯಲಿಲ್ಲ. ಅರವತ್ತರಲ್ಲಿ ಹನ್ನೆರಡು ಜಾಗ ಹೋಗಿದ್ದವು. ಅದರಲ್ಲಿ ಮೂವತ್ತೊಂದೂ ಒಂದು. ನೀಲವ್ವ ಕೇಳಿದಾಗ ನಾನು ಹೇಳಬೇಕಾಯಿತು. "ನೀನೂ ಕೈ ಎತ್ತಿದೇನಕ್ಕಾ?" ಅಂದಳು. ಹೌದು ಅಂದೆ. ಉಳಿದ ಹನ್ನೊಂದು ಮನೆಯವರು ಪಂಚಾಯತಿಗೆ ಬಂದು ಬಾಯಿಗೆ ಬಂದಂತೆ ಬೈದರು. ನೀಲವ್ವ ಬೈಯಲಿಲ್ಲ. ಗಾಯರಾಣಕ್ಕೆ ಹೋಗಿ ತಾನಿಟ್ಟ ನಾಲ್ಕು ಕಲ್ಲು ಹೊತ್ತು ತಂದಳು. ಮೂರನ್ನು ಒಲೆಗೆ ಹಾಕಿಕೊಂಡಳು. ಗೌಡರು "ಮುಂದಿನ ಸಲ ನೋಡೂಣು" ಎಂದು ಹೇಳಿ ಕಳಿಸಿದರು. ಮುಂದಿನ ಸಲ ಅನ್ನುವುದು ಯಾವಾಗ ಬರುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ.

ಮೂವತ್ತೊಂದು ಯಾರದೆಂದು ಸಾಹೇಬರಿಗೆ ಗೊತ್ತಿತ್ತೇ? ಅವರ ಪಟ್ಟಿಯಲ್ಲಿ ನಂಬರಿನ ಮುಂದೆ ಹೆಸರುಗಳಿದ್ದವು. ನೀಲವ್ವ ನನ್ನ ತಂಗಿ ಎಂದು ಊರಿಗೇ ಗೊತ್ತು. ಇದ್ದಬದ್ದ ಮೆಂಬರುಗಳನ್ನು ಬಿಟ್ಟು ನನ್ನೊಬ್ಬಳನ್ನೇ ಹಳ್ಳಕ್ಕೆ ಕರೆದೊಯ್ದು ಹೆಜ್ಜೆ ತೋರಿಸಿದ್ದು ಯಾಕೆ? ನಾನು ಮಾತು ಕೇಳುವವಳು ಎಂತಲೋ, ಇಲ್ಲಾ ತಂಗಿಯ ಜಾಗ ಹೋಗುವವಳೇ ಕೈ ಎತ್ತಿದರೆ ಉಳಿದವರು ತುಟಿ ಬಿಚ್ಚುವುದಿಲ್ಲ ಎಂತಲೋ? ಒಮ್ಮೆ ಹೀಗೆ ಅನಿಸುತ್ತಿತ್ತು, ಒಮ್ಮೆ ಹಾಗೆ. ಕೇಳಬೇಕೆನ್ನುವಷ್ಟರಲ್ಲಿ ಅವರು ಬೇರೆ ಊರಿಗೆ ಅಳೆಯಲು ಹೋಗಿದ್ದರು.

ಇನ್ನು ಆ ಹೊಸ ಸ್ಮಶಾನದ ಕಥೆ. ಊರು ಬೇಕು ಬೇಕು ಎಂದು ಕೈ ಎತ್ತಿತೇ ಹೊರತು ಒಬ್ಬರೂ ಅಲ್ಲಿಗೆ ಹೆಣ ಒಯ್ಯಲಿಲ್ಲ. ಅಷ್ಟು ದೊಡ್ಡ ಬಯಲಲ್ಲಿ ತಮ್ಮವರನ್ನು ಒಬ್ಬರನ್ನೇ ಮಲಗಿಸಿ ಬರುವುದು ಹೇಗೆ? ಮೊದಲು ಬೇರೆ ಯಾರದ್ದಾದರೂ ಆಗಲಿ, ಆಮೇಲೆ ನಮ್ಮದು ಎಂದು ಪ್ರತಿ ಮನೆಯವರೂ ಕಾದರು. ಹೊಲ ಇದ್ದವರು ಹೊಲದಲ್ಲಿ ಮಣ್ಣು ಮಾಡಿದರು, ಇಲ್ಲದವರು ಹಳೆಯದರಲ್ಲೇ ಸಂದಿ ಹುಡುಕಿದರು. ಹಳ್ಳದ ದಂಡೆ ಖಾಲಿ ಉಳಿಯಿತು. ಜಿಂಕೆಗಳು ಆರಾಮಾಗಿ ಬಂದು ಹೋದವು.

ಅದರಿಂದ ಬೆಳೆಗೆ ಒಳ್ಳೆಯದಾಯಿತೇ ಎಂದು ಕೇಳಿದರೆ ಅದೂ ಗೊಂದಲವೇ. ನಮ್ಮ ಮನೆಯವರು ಗದ್ದೆಗೆ ಹಂದಿ ಬರುವುದು ಕಡಿಮೆಯಾಗಿದೆ ಎಂದರು. ಗೌಡರು ತಮ್ಮ ಗದ್ದೆಗೆ ಹೆಚ್ಚಾಗಿದೆ ಎಂದರು. ಎರಡು ಗದ್ದೆಗಳ ನಡುವೆ ಇರುವುದು ಒಂದೇ ಬದು.

ಸಾಹೇಬರು ನಿವೃತ್ತರಾದ ಮೇಲೆ ಬೇಸಿಗೆಯಲ್ಲಿ ಒಮ್ಮೆ ಬಂದರು. ಹುಬ್ಬಳ್ಳಿ ಬಸ್ಸಿಳಿದು ಸೀದಾ ಹಳ್ಳಕ್ಕೆ ಹೋಗಿ, ಆಮೇಲೆ ನಮ್ಮ ಕಟ್ಟೆಗೆ ಬಂದು ಕುಳಿತರು. ಬಹಳ ಇಳಿದುಹೋಗಿದ್ದರು, ಮಾತಿನ ನಡುವೆ ದಮ್ಮು ಹತ್ತುತ್ತಿತ್ತು. ಬೆಳೆಯ ವಿಷಯ ಕೇಳಿದೆ. "ನನಗೂ ಬರೋಬರಿ ಗೊತ್ತಿಲ್ರಿ ಅಕ್ಕಾರ. ನಾ ಅಳಿಯಾವ, ಪ್ರಾಣಿ ಮನಸಿನ್ಯಾಗ ಏನೈತಿ ಅಂತ ಅಳಿಯಾಕ ಸರಪಳಿ ಇಲ್ಲ," ಅಂದರು. ಆಗ ನಾನು ಇಷ್ಟು ದಿನ ಗಂಟಲಲ್ಲಿ ಇದ್ದದ್ದನ್ನು ಕೇಳಿದೆ.

"ಮೂವತ್ತೊಂದನೇ ನಂಬರ್ ಯಾರದಂತ ನಿಮಗ ಗೊತ್ತಿತ್ತೇನ್ರಿ?"

ಅವರು ಛತ್ರಿಯ ಹಿಡಿಕೆಯನ್ನು ತಿರುಗಿಸಿದರು. "ಗೊತ್ತಿತ್ತು ತಂಗೆವ್ವಾ," ಅಂದರು. ಅಲ್ಲಿಯವರೆಗೆ ಅಕ್ಕಾರ ಅನ್ನುತ್ತಿದ್ದವರು ಅವತ್ತು ತಂಗೆವ್ವಾ ಅಂದರು.

"ಮತ್ತ ಹೇಳಲಿಲ್ಲಲ್ರಿ?"

"ಹೇಳಿದ್ರ ನೀ ಕೈ ಎತ್ತತಿದ್ದಿಲ್ಲ. ನೀ ಎತ್ತಲಿಲ್ಲಂದ್ರ ಗೌಡ್ರೂ ಎತ್ತತಿದ್ದಿಲ್ಲ. ತಪ್ಪಾತು. ಆದ್ರ ಸುಳ್ಳ ಯಾಕ ಹೇಳಲಿ, ಮತ್ತ ಅಂಥಾ ವ್ಯಾಳೆ ಬಂದ್ರ ಮತ್ತ ಹಂಗ ಮಾಡತೀನಿ."

ಕ್ಷಮೆ ಕೇಳಿದರೋ ಕೇಳಲಿಲ್ಲವೋ ಅದೇ ತಿಳಿಯಲಿಲ್ಲ. ಸಿಟ್ಟಿನಿಂದ ಚಾ ಮಾಡಲಿಲ್ಲ. ನೀಲವ್ವನೇ ತನ್ನ ಒಲೆಯ ಮೇಲೆ ಮಾಡಿ ತಂದುಕೊಟ್ಟಳು. ಅವರು ಅವಳ ಮುಖ ನೋಡದೆ ಕುಡಿದರು. ಹೋಗುವಾಗ ಬಾಗಿಲಲ್ಲಿ ನಿಂತು, "ಒಂದರ ಕುಣಿ ಬಿದ್ದಿದ್ರ ಆ ಜಾಗಾ ಗಟ್ಟಿ ಆಗತಿತ್ತು. ನನ್ನ ಅಲ್ಲೇ ಇಡ್ರಿ ಅಂತ ಮಕ್ಕಳಿಗೆ ಹೇಳೇನಿ. ಅಪ್ಪಗ ತಲಿ ಕೆಟ್ಟೇತಿ ಅಂತಾರ," ಅಂದರು. ನಾನು ಹೋಗಿ ಬರ್ರಿ ಎಂದೂ ಅನ್ನಲಿಲ್ಲ.

ಅವರು ಹೆದರಿದ್ದು ಸರಿಯಾಗಿತ್ತು. ಸುಡುಗಾಡು ಎಂದು ಬರೆಸಿದ ಮೂರನೆಯ ವರ್ಷ ಮೇಲಿನಿಂದ ಕಾಗದ ಬಂತು, ಮೀಸಲಿಟ್ಟು ಬಳಸದೆ ಬಿಟ್ಟ ಜಾಗವನ್ನು ಮನೆಗಳಿಗೆ ಹಂಚಬಹುದು ಎಂದು. ಗೌಡರಿಗೆ ಖುಷಿಯಾಯಿತು. "ಇಷ್ಟ ದಿನಾತು, ಒಂದ ಹೆಣ ಬಿದ್ದಿಲ್ಲ. ಆ ಹನ್ನೆರಡು ಮಂದಿ ಜಾಗಾ ಅವರಿಗೆ ತಿರುಗಿ ಕೊಟ್ಟಬಿಡೂಣು," ಅಂದರು. ಸೋಮವಾರ ಸಭೆ ಎಂದು ಗೊತ್ತಾಯಿತು. ನೀಲವ್ವ ಮಾಡಿನ ಕೆಳಗಿನ ಸಾಮಾನನ್ನೆಲ್ಲ ಹೊರಗೆ ತೆಗೆದು ತೊಳೆದಿಟ್ಟಳು. ಅವಳು ಹಾಡಿಕೊಂಡು ಪಾತ್ರೆ ತಿಕ್ಕಿದ್ದನ್ನು ನಾನು ಅಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದ್ದು.

ಅದೇ ವಾರ ಸಾಹೇಬರು ತೀರಿಕೊಂಡ ಸುದ್ದಿ ಬಂತು. ಮಕ್ಕಳು ಅವರನ್ನು ತಮ್ಮೂರಿನಲ್ಲೇ, ಅವರ ಹೆಂಡತಿಯ ಬಾಜು ಮಣ್ಣು ಮಾಡಿದ್ದರು. ಇನ್ನೇನು ಮಾಡಿಯಾರು? ರೊಟ್ಟಿ ಬಡಿಯುತ್ತ ನಾನು ನುಂಗಿಕೊಂಡದ್ದು ಅವತ್ತೇ. ಸೋಮವಾರ ನಾನು ಕೈ ಎತ್ತಬೇಕೋ ಬೇಡವೋ ತಿಳಿಯದೆ ತಲೆ ಕೆಟ್ಟುಹೋಗಿತ್ತು. ಕೈ ಎತ್ತಿದರೆ ತಂಗಿಗೆ ಮನೆ. ಎತ್ತದಿದ್ದರೆ ಹೋದ ಮನುಷ್ಯನ ಮಾತು ಉಳಿಯುತ್ತದೆ, ಅದೂ ನನಗೆ ಮೋಸ ಮಾಡಿದ ಮನುಷ್ಯನದು. ಆದರೂ ಆ ಹೆಜ್ಜೆಗಳು ಕಣ್ಣ ಮುಂದೆ ಬರುತ್ತಿದ್ದವು.

ಶುಕ್ರವಾರ ಮಧ್ಯಾಹ್ನ ಊಟ ಮಾಡಿ ಗೋಡೆಗೆ ಒರಗಿದ ನಮ್ಮ ಅವ್ವ ಮತ್ತೆ ಏಳಲಿಲ್ಲ.

ಅಳು ಸ್ವಲ್ಪ ತಗ್ಗಿದ ಮೇಲೆ ಎಲ್ಲಿ ಇಡುವುದು ಎಂಬ ಮಾತು ಬಂತು. ಮಳೆ ಹಿಡಿದಿತ್ತು, ಹಳೆಯ ಸ್ಮಶಾನದಲ್ಲಿ ಮೊಣಕಾಲುದ್ದ ತೋಡಿದರೆ ನೀರು. ನಮ್ಮ ಹೊಲದಲ್ಲಿ ಇಡೋಣ ಎಂದು ನಮ್ಮ ಮನೆಯವರು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ನಮ್ಮ ಹಿರೇರ ಬಾಜು ಬೀಗರ ಮಂದೀನ ಹೆಂಗಪಾ ಇಡೂದು?" ಅಂದರು. ಅವರು ಹೇಳಿದ್ದು ರೂಢಿಯೇ, ಯಾರೂ ಎದುರಾಡಲಿಲ್ಲ. ನಾನೂ ಆಡಲಿಲ್ಲ.

ಅವ್ವನ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದ ನೀಲವ್ವ, "ಹಳ್ಳದ ದಂಡಿಗೆ ಇಡೂಣು," ಅಂದಳು.

ಗೌಡರು ಹತ್ತಿರ ಬಂದು ಮೆಲ್ಲಗೆ, "ವಿಚಾರ ಮಾಡವಾ. ಅಲ್ಲಿ ಒಂದ ಕುಣಿ ಬಿತ್ತಂದ್ರ ಸೋಮವಾರದ ಮಾತು ಮುಗೀತು. ನಿನ್ನ ಜಾಗಾ ಮತ್ತ ಸಿಗೂದಿಲ್ಲ," ಅಂದರು.

"ಹೋಗ್ಲಿ ಬಿಡ್ರಿ," ಅಂದಳು ನೀಲವ್ವ. "ನಮ್ಮವ್ವ ಕೊಟಗಿ ಬಾಜು ಮಂದಿ ಹಂಗಿನ್ಯಾಗ ದಿನಾ ತಗದಾಳ. ಇನ್ನರ ಯಾರ ಹಂಗೂ ಇಲ್ಲದ ಜಾಗಾದಾಗ ಮಲಗಲಿ."

ಅವಳು ನನ್ನ ಕಡೆ ನೋಡಿ ಹೇಳಲಿಲ್ಲ. ಚುಚ್ಚಬೇಕು ಎಂದೂ ಹೇಳಿರಲಿಕ್ಕಿಲ್ಲ. ಕತ್ತಲಾಗುವ ಮೊದಲು ಅವ್ವನನ್ನು ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿದೆವು. ಸೋಮವಾರ ಗೌಡರು ಆ ವಿಷಯ ತೆಗೆಯಲಿಲ್ಲ. ಮುಂದೆ ಒಬ್ಬೊಬ್ಬರಾಗಿ ಊರಿನ ಮಂದಿ ಅವ್ವನ ಬಾಜು ಬಂದರು, ನಾಲ್ಕು ಸರಪಳಿ ಜಾಗ ಇವತ್ತಿಗೂ ಹಾಗೇ ಇದೆ, ಬೇಸಿಗೆಯಲ್ಲಿ ಜಿಂಕೆಗಳು ಅದರ ನಡುವೆಯೇ ಕೆರೆಗೆ ಹೋಗುತ್ತವೆ.

ಗೊತ್ತಿದ್ದೂ ಹೇಳಲಿಲ್ಲ, ನನ್ನ ತಂಗಿಯ ಮನೆ ಕಸಿದುಕೊಂಡರು ಎಂದು ಸರ್ವೇ ಸಾಹೇಬರ ಮೇಲೆ ಅಷ್ಟು ದಿನ ಸಿಟ್ಟು ಮಾಡಿಕೊಂಡು ತಿರುಗಿದವಳು ನಾನು. ನಮ್ಮ ಮನೆಯಲ್ಲಿ ಆಗ ನಾಲ್ಕು ಖೋಲಿಗಳಿದ್ದವು. ಎರಡರಲ್ಲಿ ಭತ್ತದ ಚೀಲ ಒಟ್ಟಿದ್ದೆವು.